ಅಟ್ಟದ ಪೆಟ್ಟಿಗೆ – 6: ಅಮೆರಿಕದ ಕ್ಯಾಸೆಟ್ಟು

ಇವತ್ತೂ ಕ್ಯಾಪ್ಷನ್ ಉದ್ದ ಇದೆ. ಚಾ ಇಟ್ಕೊಂಡು ಕೂತ್ಕೊಳ್ಳಿ.

ಮೊದಲ ಫೋಟೋದಲ್ಲಿರೋ ಕಪ್ಪು ಕ್ಯಾಸೆಟ್ ನೋಡಿದ್ರಲ್ಲ? 1996ರಲ್ಲಿ ನ್ಯೂಜೆರ್ಸಿಯಿಂದ ಸಾಗರದ ನಮ್ಮನೆಗೆ ಪೋಸ್ಟಲ್ಲಿ ಬಂದಿದ್ದು. ಕಳಿಸಿದ್ದು ನಮ್ಮ ಅತ್ತೆ, ಅಪ್ಪನ ಅಕ್ಕ. ಅವರಿಗೆ ಆಗಷ್ಟೇ ಮಗಳು ಹುಟ್ಟಿದ್ಳು. ಚೊಚ್ಚಲ ಬಾಣಂತನ ತವರಲ್ಲೇ ಆಗ್ಬೇಕು ಅಂತ ಅಜ್ಜನ ಹಟ. ಅತ್ತೆಗೆ ಬರೋಕಾಗಲಿಲ್ಲ, ಅಜ್ಜ ಮುನಿಸ್ಕೊಂಡ್ರು. ಆ ಮುನಿಸು ಇಳಿಸೋಕೇ ಮಗೂನ ವಿಡಿಯೋ ಮಾಡಿ ಕಳಿಸಿದ್ದು.

ಪಕ್ಕದ ಮನೆಯಿಂದ ವಿಸಿಆರ್ ತಂದು ಎಲ್ಲರೂ ಟಿವಿ ಮುಂದೆ ಕೂತರಂತೆ. ಪರದೆ ತುಂಬ ಪಟ್ಟೆ ಪಟ್ಟೆ, ಚಿತ್ರ ಉರುಳ್ತಾನೇ ಇತ್ತು. ಅತ್ತೆ ದನಿ ನಿಧಾನವಾಗಿ, ದಪ್ಪಗೆ ಬರ್ತಿತ್ತು. ಒಂದು ಮಾತೂ ಅರ್ಥ ಆಗ್ಲಿಲ್ಲ. ಹತ್ತು ನಿಮಿಷ ಕಾದು ಅಜ್ಜ ಎದ್ದು ತೋಟಕ್ಕೆ ಹೋದರು. ಕ್ಯಾಸೆಟ್ ಅಟ್ಟ ಸೇರಿತು.

ಕ್ಯಾಸೆಟ್ ಕೆಟ್ಟಿದೆ ಅಂತಲೇ ಇಷ್ಟು ವರ್ಷ ಎಲ್ಲರೂ ಅಂದ್ಕೊಂಡಿದ್ರು. ಕೆಟ್ಟಿರಲಿಲ್ಲ. ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ: 525 ಗೆರೆ, ಸೆಕೆಂಡಿಗೆ ಹತ್ತಿರ ಹತ್ತಿರ 30 ಚಿತ್ರ. ನಮ್ಮದು ಪಾಲ್: 625 ಗೆರೆ, ಸೆಕೆಂಡಿಗೆ 25 ಚಿತ್ರ. ಕ್ಯಾಸೆಟ್ ಡಬ್ಬಿ ಎರಡೂ ಕಡೆ ಒಂದೇ ಥರ, ಹಾಗಾಗಿ ನಮ್ಮ ವಿಸಿಆರ್ ಒಳಗೆ ಸಲೀಸಾಗಿ ಹೋಗುತ್ತೆ. ಓದೋಕೆ ಮಾತ್ರ ಅದಕ್ಕೆ ಬರಲ್ಲ. ಪೋಸ್ಟಲ್ಲಿ ಅಷ್ಟು ದೂರ ಬಂದಿದ್ದು ಕೊನೆಗೆ ನಮ್ಮ ಟಿವಿ ಮುಂದೆ ಸಿಕ್ಕಿಬಿತ್ತು.

ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದೆ. ‘ಫಾರಿನ್ ಫಾರ್ಮ್ಯಾಟ್, 2,500 ಆಗುತ್ತೆ’ ಅಂದ್ರು. ನನ್ನ ಪಾಕೆಟ್ ಮನಿ ಗೊತ್ತಲ್ಲ? ಮನೇಲೇ ಮಾಡೋಣ ಅಂತ ಕೂತೆ. ಎರಡು ಸಲ ಸೋತೆ. ಹೇಳ್ಬಿಡ್ತೀನಿ, ನೀವು ಸೋಲೋದು ಬೇಡ.

ಒಂದು: ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟನ್ನ ಸೀದಾ ಮಷೀನಿಗೆ ಹಾಕ್ಬೇಡಿ. ಕಿಟಕಿಯಲ್ಲಿ ಬಗ್ಗಿ ನೋಡಿ. ಟೇಪಿನ ಅಂಚಲ್ಲಿ ಬಿಳೀ ಬೂಷ್ಟು ಇದ್ರೆ ಅದು ಹೆಡ್ಡಿಗೂ ಅಂಟುತ್ತೆ, ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತೆ. ನಮ್ಮದರಲ್ಲಿ ಒಂಚೂರಿತ್ತು. ಐದು ಸ್ಕ್ರೂ ಬಿಚ್ಚಿ, ಮೂಗಿಗೆ ಮಾಸ್ಕ್ ಕಟ್ಕೊಂಡು, ನೂಲು ಬಿಡದ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ನಿಧಾನಕ್ಕೆ ಒರೆಸಿದೆ. ಕ್ಯಾಸೆಟ್ಟಿನ ಹಿಂಭಾಗದ ಪುಟ್ಟ ಪ್ಲಾಸ್ಟಿಕ್ ತುಂಡನ್ನ ಮೊದಲೇ ಮುರಿದಿಡಿ. ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದ್ರೂ ಅಳಿಸಿಹೋಗಲ್ಲ.

ಎರಡು: ‘ಎನ್‌ಟಿಎಸ್‌ಸಿ ಪ್ಲೇಬ್ಯಾಕ್’ ಅಂತ ಬರೆದಿರೋ ಎಲ್ಲ ವಿಸಿಆರೂ ಸಾಲಲ್ಲ. ಕೆಲವು ಪಾಲ್ ಟಿವಿಗೆ ಹೊಂದ್ಲಿ ಅಂತ ಅರ್ಧಂಬರ್ಧ ಬದಲಾಯಿಸಿದ ಸಿಗ್ನಲ್ ಕೊಡುತ್ವೆ. ಟಿವಿಯಲ್ಲಿ ಚೆನ್ನಾಗೇ ಕಾಣುತ್ತೆ, ಲ್ಯಾಪ್‌ಟಾಪಿನ ಕ್ಯಾಪ್ಚರ್ ಡಬ್ಬಿ ಒಪ್ಪಲ್ಲ. ನನಗೆ ಕಪ್ಪು-ಬಿಳುಪಲ್ಲಿ ಕುಣಿಯೋ ಅತ್ತೆ ಸಿಕ್ಕಿದ್ರು. ನಿಜವಾದ ಮಲ್ಟಿ-ಸಿಸ್ಟಮ್ ಡೆಕ್ ಬೇಕು. ಹಿಂದೆ ಮದುವೆ ವಿಡಿಯೋ ಮಾಡ್ತಿದ್ದ ಅಣ್ಣ ಒಬ್ಬರ ಹತ್ರ, ದುಬೈಯಿಂದ ಬಂದಿದ್ದು ಸಿಕ್ತು. ಸ್ವಿಚ್ಚನ್ನ 3.58ಕ್ಕೆ ಇಟ್ಟು, ಸಾಫ್ಟ್‌ವೇರಲ್ಲೂ ಎನ್‌ಟಿಎಸ್‌ಸಿ ಅಂತ ಆರಿಸಿದ್ಮೇಲೆ ಬಣ್ಣ ಬಂತು.

ಆಮೇಲೆ ಪಾಲ್‌ಗೆ ಬದಲಾಯಿಸೋಕೆ ಹೋಗ್ಬೇಡಿ. ಡಿವಿಡಿಯನ್ನೂ ಎನ್‌ಟಿಎಸ್‌ಸಿಯಲ್ಲೇ, 720×480ರಲ್ಲಿ ಬರೀರಿ. ನಮ್ಮ ಕಡೆ ಸಿಗೋ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓದುತ್ವೆ. ಡಿವಿಡಿ ಯಾಕೆ ಅಂತೀರಾ? ಅಜ್ಜಿಗೆ ಒತ್ತೋಕೆ ಬರೋದು ಡಿವಿಡಿ ರಿಮೋಟ್ ಒಂದೇ. ಒಂದು ಕಾಪಿ ಪೆನ್‌ಡ್ರೈವಲ್ಲೂ ಇಡಿ.

ಲೆಕ್ಕ (ಬಿಕಾಂ ಅಲ್ವಾ, ಬರೀದೆ ಇರೋಕಾಗಲ್ಲ): ಕ್ಯಾಪ್ಚರ್ ಡಬ್ಬಿ 850, ಡೆಕ್ ಬಾಡಿಗೆ 300, ಕೇಬಲ್ 80, ಆಲ್ಕೋಹಾಲ್ 120, ಖಾಲಿ ಡಿವಿಡಿ ಮೂರಕ್ಕೆ 75. ಒಟ್ಟು 1,425 ರೂಪಾಯಿ. ಡಿವಿಡಿ ರೈಟರ್ ಗೆಳೆಯನದು. ಅವನಿಗೆ ಒಂದು ಮಸಾಲೆ ದೋಸೆ ಬಾಕಿ.

ಈಗ ಕ್ಯಾಸೆಟ್ಟಲ್ಲಿ ಏನಿತ್ತು ಅಂತ ಕೇಳಿ.

ಒಂದು ಗಂಟೆಯ ಟೇಪ್ ಇಳಿಸೋಕೆ ಒಂದು ಗಂಟೆನೇ ಬೇಕು, ಓಡ್ಸೋ ಹಾಗಿಲ್ಲ. ಹಾಗಾಗಿ ಎಲ್ಲಾನೂ ನೋಡಿದೆ. ಹಿಮ, ಅಡುಗೆಮನೆ, ತೊಟ್ಟಿಲು. ನಲವತ್ತನೇ ನಿಮಿಷದಲ್ಲಿ ಅತ್ತೆ ಮಗೂನ ಎತ್ಕೊಂಡು ಕ್ಯಾಮೆರಾ ಮುಂದೆ ಕೂತ್ರು. “ಅಪ್ಪಯ್ಯ, ನಿಮ್ಗೆ ಸಿಟ್ಟಿದೆ ಅಂತ ಗೊತ್ತು. ಮನೇಲಿ ಕರೆಯೋ ಹೆಸರು ನೀವೇ ಇಡಿ. ಕಾಗದದಲ್ಲಿ ಬರೀರಿ. ಅಲ್ಲೀವರೆಗೂ ಇವಳು ಬರೀ ಪಾಪು.”

ಅಜ್ಜ ಬರೆದ ಕಾಗದ ಅತ್ತೆ ಹತ್ರ ಇನ್ನೂ ಇದೆ. ಮೂರನೇ ಫೋಟೋ. ‘ಕ್ಯಾಸೆಟ್ ನೋಡಿದೆವು. ಎಲ್ಲರಿಗೂ ಸಂತೋಷವಾಯಿತು.’ ಅಷ್ಟೇ. ಹೆಸರಿಲ್ಲ.

ಅಜ್ಜಿ ಹತ್ರ ಕೇಳಿದೆ. “ಅಷ್ಟು ದೂರದಿಂದ ದುಡ್ಡು ಹಾಕಿ ಕಳ್ಸಿದಾಳೆ, ಕಾಣ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೋತಾಳೆ ಅಂತ ಹಂಗೆ ಬರೆದ್ರು ಕಣೋ” ಅಂದ್ರು.

ಮಗಳಿಗೆ ನೋವಾಗಬಾರದು ಅಂತ ಅಜ್ಜ ಹೇಳಿದ ಸುಳ್ಳು. ಅದನ್ನೇ ಅತ್ತೆ ಇಷ್ಟು ವರ್ಷ ಸಿಟ್ಟು ಅಂತ ಓದ್ಕೊಂಡಿದ್ರು. ಅಜ್ಜ 2006ರಲ್ಲಿ ಹೋದರು. ಭಾನುವಾರ ವಿಡಿಯೋ ಕಾಲಲ್ಲಿ ಅತ್ತೆಗೆ ಹೇಳಿದಾಗ ತುಂಬಾ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕೇಳಿದ್ದು ಒಂದೇ: “ಹಂಗಾದ್ರೆ ಅಪ್ಪಯ್ಯ ನೋಡೇ ಇಲ್ವಾ?”

ಪಕ್ಕದಲ್ಲಿ ಪಾಪು ಕೂತಿದ್ಳು. ಈಗ ನನಗಿಂತ ಎಷ್ಟೋ ದೊಡ್ಡವಳು. ಹರಕು ಮುರುಕು ಕನ್ನಡದಲ್ಲಿ “ಅಜ್ಜಿ, ಹಾಗಾದ್ರೆ ನೀವು ಹೇಳಿ ಹೆಸರು” ಅಂದ್ಳು.

ಅಜ್ಜಿ ಇನ್ನೂ ಯೋಚನೆ ಮಾಡ್ತಿದಾರೆ. ಮೂರು ದಿನ ಆಯ್ತು. ಡಿವಿಡಿ ಮಾತ್ರ ದಿನಾ ಓಡ್ತಿದೆ.

ನಿಮ್ಮನೆ ಅಟ್ಟದಲ್ಲೂ ‘ಕೆಟ್ಟಿದೆ’ ಅಂತ ಎತ್ತಿಟ್ಟಿರೋ ಕ್ಯಾಸೆಟ್ ಇದ್ರೆ, ಈ ಮಳೆಗಾಲಕ್ಕೆ ಮುಂಚೆ ಒಂದ್ಸಲ ಇಳಿಸಿ ನೋಡಿ. ಯಾರೋ ನಿಮ್ಮನ್ನ ಏನೋ ಕೇಳಿರಬಹುದು.

#ಅಟ್ಟದಪೆಟ್ಟಿಗೆ #ಸಾಗರ #ಹಳೇಕ್ಯಾಸೆಟ್