ಔರಾದದ ದಾರಿಯಲ್ಲಿ ಒಂದು ಲೆಕ್ಕ

ಮಳೆಗಾಲದಲ್ಲಿ ಬೀದರದಿಂದ ಔರಾದಕ್ಕೆ ಬಸ್ಸು ಹತ್ತಿದರೆ ರಸ್ತೆಯ ಇಕ್ಕೆಲಗಳಲ್ಲೂ ಬಿಳಿ ಹೂವಿನ ಪಾರ್ಥೇನಿಯಂ ಕಾಣುತ್ತದೆ. ಅಮೆರಿಕ ಖಂಡದ ಈ ‘ಕಾಂಗ್ರೆಸ್ ಗಿಡ’ 1955ರ ಸುಮಾರಿಗೆ ಪುಣೆಯಲ್ಲಿ ಗಮನಕ್ಕೆ ಬಂತು. ಈಗ ನಮ್ಮ ದನಗಳ ಮೇವಿನ ಹುಲ್ಲಿನೊಡನೆ ಮಣ್ಣು, ನೀರಿಗಾಗಿ ಸೆಣಸುತ್ತಿದೆ.

ಗೆಲುವು ಯಾರದು? ಲೋಟ್ಕಾ, ವೋಲ್ಟೆರಾ ಎಂಬ ಗಣಿತಜ್ಞರು 1920-30ರ ದಶಕಗಳಲ್ಲಿ ಇಂಥ ಪೈಪೋಟಿಯನ್ನು ಸಮೀಕರಣಗಳಲ್ಲಿ ಹಿಡಿದರು. ಎರಡೂ ಜೀವಿಗಳು ಸ್ವಜಾತಿಗಿಂತ ಎದುರಾಳಿಯನ್ನೇ ಹೆಚ್ಚು ಅದುಮಿದರೆ, ಆರಂಭದಲ್ಲಿ ಯಾರ ಸಂಖ್ಯೆ ಮೇಲೋ ಸಾಮಾನ್ಯವಾಗಿ ಅವರದೇ ಗೆಲುವು ಎನ್ನುತ್ತದೆ ಆ ಲೆಕ್ಕ.

ಇಲ್ಲಿಯೂ ಅದೇ ಲಕ್ಷಣ. ದಟ್ಟ ಹುಲ್ಲಿನ ನಡುವೆ ಪಾರ್ಥೇನಿಯಂ ಸಸಿ ಸೊರಗುತ್ತದೆ. ದನ ಮೇಯ್ದು ಬರಿದಾದ ನೆಲದಲ್ಲಿ ಸಾವಿರಾರು ಬೀಜ ಉದುರಿಸಿ ಹಬ್ಬುತ್ತದೆ. ಆದ್ದರಿಂದ ಹೂ ಬಿಡುವ ಮುನ್ನವೇ ಕಿತ್ತು, ಹುಲ್ಲಿಗೆ ಒಂದು ಮಳೆಗಾಲ ಬಿಡುವು ಕೊಡಬೇಕು. ಕೀಳುವಾಗ ಕೈಗವಸಿರಲಿ, ಚರ್ಮಕ್ಕೆ ತುರಿಕೆ ತರುವ ಗಿಡವಿದು.