ಸುಮ್ಮನಿರುವ ಮೊಬೈಲು

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ. ಪಕ್ಕದ ಮನೆ ಅಂದ್ರೆ ತೋಟ ದಾಟಿ ಆಚೆ. ಅಡಿಕೆ ಕೊನೆಕೊಯ್ಲಿನ ಕಾಲದಲ್ಲಂತೂ ವರ್ಷದ ದುಡಿಮೆಯೆಲ್ಲ ಅಂಗಳದಲ್ಲೇ ಒಣಗ್ತಾ ಬಿದ್ದಿರುತ್ತೆ. ಹಾಗಾಗಿ ಮೂರು ಕ್ಯಾಮೆರಾ, ಬಾಗಿಲುಗಳಿಗೆ ಸೆನ್ಸರ್, ಒಂದು ಸೈರನ್. ಎಲ್ಲದರ ಸುದ್ದಿ ಬೆಂಗಳೂರಲ್ಲಿರೋ ನನ್ನ ಮೊಬೈಲಿಗೆ ಬರಬೇಕು.

ಬರೋದೇನೋ ಬರ್ತಿತ್ತು, ಜಾಸ್ತಿಯೇ. ರಾತ್ರಿ ಎರಡು ಗಂಟೆಗೆ ‘ಯಾರೋ ಬಂದಿದ್ದಾರೆ’ ಅಂತ ಎಚ್ಚರಿಕೆ. ನೋಡಿದರೆ ಜೇಡ! ಕತ್ತಲಲ್ಲಿ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕು ಬಿಡುತ್ತಲ್ಲ, ಲೆನ್ಸಿನ ಮುಂದೆ ಬಲೆಯ ಒಂದೆಳೆ ಅಲ್ಲಾಡಿದರೂ ಬೆಳ್ಳಗೆ ಹೊಳೆಯುತ್ತೆ. ಇದಕ್ಕೆ ಮದ್ದು ಪೊರಕೆ, ವಾರಕ್ಕೊಮ್ಮೆ.

ನಿಜವಾದ ತಲೆನೋವು ಸುಮ್ಮನಿರುವ ಮೊಬೈಲು. ಯಾರೂ ಬಂದಿಲ್ಲ ಅಂದರೂ ಅದು ಸುಮ್ಮನೆ, ಮನೆಯ ನೆಟ್ಟೇ ಹೋಗಿದೆ ಅಂದರೂ ಸುಮ್ಮನೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ ಕಾಣುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ವರ್ಟರ್ ಇಲ್ವಾ ಅಂತೀರಿ. ಇದೆ. ಆದ್ರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯೋ ಆ ಕ್ಷಣದ ತೂಕಡಿಕೆಗೇ ರೌಟರ್ ಆಫ್ ಆಗಿ, ಮತ್ತೆ ಏಳೋಕೆ ಎರಡು ಮೂರು ನಿಮಿಷ ತಗೊಳ್ಳುತ್ತೆ. ಹತ್ತು ಸಲ ಕರೆಂಟ್ ಹೋಗಿ ಬಂದರೆ ಹತ್ತು ಸಲ ಕುರುಡು. 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆ. ರೌಟರಿಗೆ ಮಾತ್ರ ಅಲ್ಲ, ಫೈಬರ್ ಬಂದು ಸೇರುವ ಬಿಳಿ ಡಬ್ಬಿಗೂ. ಅದು ಆರಿಹೋದರೆ ರೌಟರ್ ಉರಿಯುತ್ತಿದ್ದೂ ದಂಡ. ನೆಟ್ ಇಲ್ಲದಾಗಲೂ ದೃಶ್ಯ ಉಳಿಯಲಿ ಅಂತ ಕ್ಯಾಮೆರಾಗಳಿಗೆ ಮೆಮೊರಿ ಕಾರ್ಡ್ ಹಾಕಿದೆ. ಕಂಪನಿಯವರು ಕೊಟ್ಟ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿದ್ದೆ. 2016ರಲ್ಲಿ ಮಿರಾಯ್ ಅನ್ನೋ ಕುತಂತ್ರಾಂಶ ಲಕ್ಷಗಟ್ಟಲೆ ಕ್ಯಾಮೆರಾ, ರೌಟರುಗಳೊಳಗೆ ನುಗ್ಗಿದ್ದು ಅಂಥ ಪಾಸ್‌ವರ್ಡುಗಳಿಂದಲೇ.

ಇಷ್ಟಾದರೂ ಆ ಮೌನದ ಪ್ರಶ್ನೆ ಹಾಗೇ ಉಳೀತು. ನೆಟ್ ಹೋದ ಮನೆ ‘ನನ್ನ ನೆಟ್ ಹೋಯ್ತು’ ಅಂತ ಮೆಸೇಜ್ ಕಳಿಸೋದಾದರೂ ಹೇಗೆ? ಅದಕ್ಕೇ ಲೆಕ್ಕ ತಿರುವಿಹಾಕಿದೆ. ಮನೆಯಲ್ಲಿ ಕೂತ ಒಂದು ರಾಸ್ಪ್‌ಬೆರಿ ಪೈ ಹತ್ತು ನಿಮಿಷಕ್ಕೊಮ್ಮೆ ಮೂರೂ ಕ್ಯಾಮೆರಾಗಳನ್ನು ಮಾತಾಡಿಸಿ, ಹೊರಗಿನ ಸರ್ವರಿಗೆ ‘ಎಲ್ಲ ಇದ್ದೀವಿ’ ಅಂತ ಹೇಳುತ್ತೆ. ಎರಡು ಸಲ ಆ ದನಿ ಬರದಿದ್ದರೆ ಸರ್ವರ್ ನನ್ನನ್ನು ಎಬ್ಬಿಸುತ್ತೆ. ನಾನು ಅಮ್ಮನಿಗೆ ಫೋನ್ ಮಾಡ್ತೀನಿ. ಅವಳದಕ್ಕೆ ಸಿಗ್ನಲ್ ಇಲ್ಲದಿದ್ದರೆ ತೋಟದಾಚೆಯ ಮನೆಗೆ, ಅವರದು ಬೇರೆ ಕಂಪನಿ ಸಿಮ್. ಬ್ಯಾಟರಿ ಹಿಡ್ಕೊಂಡು ಹೋಗಿ ನೋಡ್ಕೊಂಡು ಬರ್ತಾರೆ, ಪಾಪ.

‘ಕರೆಂಟ್ ಹೋಗಿದೆ ಅಷ್ಟೆ, ಮಲ್ಕೋ ಮಾರಾಯ’ ಅಂತಾಳೆ ಅಮ್ಮ. ಅಷ್ಟು ಕೇಳಿದ ಮೇಲೇ ನನಗೆ ನಿದ್ದೆ.

ಸೈರನ್‌ಗೆ ಮಾತ್ರ ಇಂಟರ್ನೆಟ್ಟಿನ ಹಂಗೇ ಇಟ್ಟಿಲ್ಲ. ಬಾಗಿಲಿನ ಸೆನ್ಸರ್ ಮನೆಯೊಳಗೇ ನೇರ ಅದಕ್ಕೆ ಹೇಳುತ್ತೆ. ಮೊದಲ ಸಲ ಕೂಗಿಸಿ ನೋಡಿದ ದಿನ ಕೊಟ್ಟಿಗೆಯ ಗೌರಿ ಸಂಜೆ ಹಾಲೇ ಇಳಿಸಲಿಲ್ಲ. ಈಗ ತಿಂಗಳಿಗೊಮ್ಮೆ ಸೈರನ್ ಪರೀಕ್ಷೆ, ಹಾಲು ಕರೆದಾದ ಮೇಲೆ.