ತಿಥಿ ನೋಡಿ ನೀರಿಗಿಳಿಯುವವರು

ಕುಮಟಾದ ಹತ್ತಿರ ಅಘನಾಶಿನಿ ಸಮುದ್ರ ಸೇರುವ ಅಳಿವೆಯಲ್ಲಿ ಬೆಳಚು ಹೆಕ್ಕುವ ಹೆಂಗಸರನ್ನು ನೋಡುತ್ತ ಕೂರುವುದು ನನಗೆ ಸುಮ್ಮನೆ ಇಷ್ಟ. ಇಳಿತದ ಹೊತ್ತು. ಮೊಣಕಾಲು ಮುಳುಗುವ ನೀರಿನಲ್ಲಿ ಬಗ್ಗಿ, ಕೆಸರೊಳಗೆ ಬೆರಳಾಡಿಸಿ, ಚಿಪ್ಪು ಸಿಕ್ಕಿದ್ದೇ ತಡ ಪಕ್ಕದಲ್ಲಿ ತೇಲುವ ಪಾತ್ರೆಗೆ ಎಸೆಯುತ್ತಾರೆ. ಕಣ್ಣಿಗೆ ಅಲ್ಲಿ ಕೆಲಸವೇ ಇಲ್ಲ. ಇದು ಕಲ್ಲು, ಇದು ಬೆಳಚು ಎಂದು ಬೆರಳೇ ಹೇಳುತ್ತದೆ. ಮುಂದಿನ ವಾರವೂ ಹೀಗೇ ಸಿಗುತ್ತದಾ ಎಂದು ಒಬ್ಬರನ್ನು ಕೇಳಿದೆ. “ಅಷ್ಟಮಿ ಬಂತಲ್ಲ ತಮಾ, ನೀರು ಸಮಾ ಇಳೂದೇ ಇಲ್ಲ. ಏಕಾದಶಿ ಕಳೀಲಿ” ಎಂದರು, ತಲೆ ಎತ್ತದೆ.

ಆ ಉತ್ತರದಲ್ಲಿ ಖಗೋಳಶಾಸ್ತ್ರದ ಒಂದು ಪಾಠವೇ ಇದೆ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅಷ್ಟಮಿಯ ನಟ್ಟನಡುವೆ ಇಬ್ಬರ ನಡುವಿನ ಕೋನ ಸರಿಯಾಗಿ 90 ಡಿಗ್ರಿ. ಅವನು ಎತ್ತಿದ ನೀರನ್ನು ಇವನು ಇಳಿಸುತ್ತಾನೆ. ಭರತವೂ ಸಪ್ಪೆ, ಇಳಿತವೂ ಸಪ್ಪೆ. ಅಮಾವಾಸ್ಯೆಗೆ ಇಬ್ಬರೂ ಒಂದೇ ಕಡೆಯಿಂದ ಎಳೆಯುವುದರಿಂದ ನೀರು ಜೋರಾಗಿ ಏರಿ, ಅಷ್ಟೇ ಜೋರಾಗಿ ಇಳಿಯುತ್ತದೆ.

ಹಾಗಾದರೆ ಹುಣ್ಣಿಮೆಗೆ? ಎದುರುಬದುರು ನಿಂತು ಎಳೆದರೆ ಒಬ್ಬರದು ಇನ್ನೊಬ್ಬರಿಗೆ ವಜಾ ಆಗಬೇಕಲ್ಲ! ಆಗುವುದಿಲ್ಲ, ಏಕೆಂದರೆ ಚಂದ್ರ ತನ್ನ ಕಡೆಯ ನೀರನ್ನು ಭೂಮಿಗಿಂತ ತುಸು ಹೆಚ್ಚು ಎಳೆಯುತ್ತಾನೆ, ಆಚೆ ಬದಿಯ ನೀರನ್ನು ಭೂಮಿಗಿಂತ ತುಸು ಕಡಿಮೆ. ಹಿಂದುಳಿದ ಆ ನೀರೂ ಉಬ್ಬುತ್ತದೆ. ಎರಡು ಬದಿಗೂ ಉಬ್ಬು, ಆದ್ದರಿಂದಲೇ ನಮ್ಮ ಕರಾವಳಿಗೆ ದಿನಕ್ಕೆ ಎರಡು ಭರತ. ಸೂರ್ಯನದೂ ಇದೇ ರೀತಿ. ಒಟ್ಟು ಸೆಳೆತ ನೋಡಿದರೆ ಭೂಮಿಯ ಮೇಲೆ ಸೂರ್ಯನದು ಚಂದ್ರನದಕ್ಕಿಂತ ಸುಮಾರು 180 ಪಟ್ಟು. ಆದರೆ ನೀರಿಗೆ ಒಟ್ಟು ಸೆಳೆತ ಬೇಕಿಲ್ಲ, ಈಚೆಗೂ ಆಚೆಗೂ ಇರುವ ವ್ಯತ್ಯಾಸ ಬೇಕು. 15 ಕೋಟಿ ಕಿಲೋಮೀಟರ್ ದೂರದ ಸೂರ್ಯನಿಗೆ ಭೂಮಿಯ ಈ ಬದಿ, ಆ ಬದಿ ಎಲ್ಲ ಹೆಚ್ಚುಕಡಿಮೆ ಒಂದೇ. 3.84 ಲಕ್ಷ ಕಿಲೋಮೀಟರ್ ದೂರದ ಚಂದ್ರನಿಗೆ ಹಾಗಲ್ಲ. ಕೊನೆಯ ಲೆಕ್ಕದಲ್ಲಿ ಸೂರ್ಯನ ಪಾಲು ಚಂದ್ರನ ಅರ್ಧಕ್ಕೂ ತುಸು ಕಡಿಮೆ. ದೊಡ್ಡವರು ದೂರ ಇದ್ದರೆ ಮನೆಯಲ್ಲಿ ನಡೆಯುವುದು ಹತ್ತಿರದವರ ಮಾತೇ.

ಸಮುದ್ರದ ನೀರು ಚಂದ್ರನ ಮಾತು ಕೇಳುತ್ತದೆಂದು ನಂಬಿದ್ದಕ್ಕೆ ಗೆಲಿಲಿಯೊ 1632ರಲ್ಲಿ ಕೆಪ್ಲರನನ್ನು ಹಂಗಿಸಿದ್ದ. ಭೂಮಿಯ ಚಲನೆಯಿಂದಲೇ ನೀರು ತುಳುಕುತ್ತದೆಂಬುದು ಅವನ ವಾದ. ಅಂಥವನೂ ಎಡವಿದ ಜಾಗ ಇದು! 1687ರಲ್ಲಿ ನ್ಯೂಟನ್ ಬಂದು ಲೆಕ್ಕ ಕೊಟ್ಟ.

ಭರತ ದಿನವೂ ಸುಮಾರು 50 ನಿಮಿಷ ತಡವಾಗುತ್ತದೆ. 24 ನಿಮಿಷದ ಘಳಿಗೆಯಲ್ಲಿ ಹೇಳಿದರೆ ದಿನಕ್ಕೆ ಎರಡು ಘಳಿಗೆ, ಮೇಲೆ ಎರಡೇ ನಿಮಿಷ. ಬಾಯಿಲೆಕ್ಕಕ್ಕೆ ಇದಕ್ಕಿಂತ ಸಲೀಸಾದದ್ದು ಇನ್ನೇನು ಬೇಕು? ಆದರೂ ಸಮುದ್ರ ಪಂಚಾಂಗವನ್ನು ಅಕ್ಷರಶಃ ಪಾಲಿಸುವುದಿಲ್ಲ. ನೀರಿಗೆ ನೆಲದ ತಡೆಯಿದೆ, ತೀರದ ತಿರುವುಗಳಿವೆ. ದೊಡ್ಡ ಭರತ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ ಬರುವುದೇ ಹೆಚ್ಚು. ಇದೇ ಅರಬ್ಬಿ ಸಮುದ್ರ ನಮ್ಮಲ್ಲಿ ಒಂದೂವರೆ, ಎರಡು ಮೀಟರ್ ಏರಿಳಿದರೆ, ಗುಜರಾತಿನ ಖಂಭಾತ್ ಕೊಲ್ಲಿಯ ಇಕ್ಕಟ್ಟಿನಲ್ಲಿ, ಭಾವನಗರದ ಹತ್ತಿರ, 10 ಮೀಟರ್ ದಾಟುತ್ತದೆ.

ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಹಲಗೆ ಬಾಗಿಲು ಎತ್ತಿ ಭರತದ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಇಳಿತಕ್ಕೆ ಅದೇ ಬಾಗಿಲಿಗೆ ಬಲೆ ಕಟ್ಟುತ್ತಾರೆ. ಸೀಗಡಿ ಚೆನ್ನಾಗಿ ಬೀಳುವುದು ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ. ಸಂಕಷ್ಟಿ ಬರುವುದು ಹುಣ್ಣಿಮೆ ಕಳೆದ ನಾಲ್ಕನೆಯ ದಿನ; ನೀರಿನ ಜೋರು ಇನ್ನೂ ಪೂರ್ತಿ ತಗ್ಗಿರುವುದಿಲ್ಲ, ಪೇಟೆಗೆ ತಾಜಾ ಸೀಗಡಿ ಬಂದಿರುತ್ತದೆ, ವ್ರತದವರ ಮನೆಯಲ್ಲಿ ಅವಲಕ್ಕಿ.